ಕುರಿಯ ಎದೆ, ಅಪ್ಪನ ಉಸಿರು

ಕಲಬುರಗಿ–ಬೀದರ್ ರೈಲು 2017ರಲ್ಲೇ ಶುರುವಾಗಿದ್ದರೂ ಅಪ್ಪ ಅದನ್ನು ಹತ್ತಿರಲಿಲ್ಲ. ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ತೊಗರಿ ದೂಳು ಕುಡಿದ ಎದೆ. ನಾಲ್ಕು ಮೆಟ್ಟಿಲಿಗೇ ಏದುಸಿರು. ಈ ಸಲ ದೊಡ್ಡಪ್ಪನ ಮಗಳು ಬಿಡಲಿಲ್ಲ. ಅವಳು ಬೀದರ್‌ನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಳೆ.

ಕಮಲಾಪುರ ದಾಟಿದ ಮೇಲೆ ಸುರಂಗ ಬಂತು. ಅಪ್ಪ ಸುಮ್ನೆ ಟವೆಲ್ ತೆಗೆದು ಮೂಗಿಗೆ ಒತ್ತಿಕೊಂಡ. ಮಿಲ್ಲಿನ ಅಭ್ಯಾಸ, ಹೋಗಿಲ್ಲ.

ಕೋಟೆ ಹತ್ತುವ ಮಾತೇ ಇರಲಿಲ್ಲ. 1472ರ ಮಹಮೂದ್ ಗವಾನ್ ಮದರಸಾದ ನೆರಳಲ್ಲಿ ಸ್ವಲ್ಪ ಕೂತು ಕಾಲೇಜಿಗೆ ಹೋದೆವು. ತಂಗಿ ಗಾಜಿನ ಜಾಡಿಯಲ್ಲಿಟ್ಟ ಕುರಿಯ ಪುಪ್ಪುಸ ತೋರಿಸಿದಳು.

"ಮನುಷ್ಯರ ಎದಿರೋಗ ತಿಳ್ಕೊಳ್ಳಾಕ ಇಲಿ ಮ್ಯಾಲ ಪ್ರಯೋಗ ಮಾಡಿದ್ರ ಸಾಲಲ್ಲ ಕಾಕಾ. ಅದರ ಪುಪ್ಪುಸ ಬೆರಳ ತುದಿಯಷ್ಟು. ಕಫ ಮಾಡೋ ಗ್ರಂಥಿ ಅದಕ್ಕ ಗಂಟಲ ಹತ್ರ ಅಷ್ಟೇ. ಕುರಿಗೆ, ಹಂದಿಗೆ ನಮ್ಮಂಗ ಒಳಗಿನ ಕೊಳವೆತನಕ ಅದಾವ."

ಅಪ್ಪನಿಗೆ ಕಫ ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಅವಳು ಮುಂದುವರಿಸಿದಳು. ಒಳಗೆ ನೋಡಲು ಮನುಷ್ಯರ ಎದೆಗೆ ಇಳಿಸುವ ಕ್ಯಾಮೆರಾ ಕೊಳವೆ, ಬ್ರಾಂಕೋಸ್ಕೋಪನ್ನೇ ಕುರಿಗೂ ಇಳಿಸಬಹುದು. ಕುರಿ ವರ್ಷಗಟ್ಟಲೆ ಬದುಕುತ್ತದೆ. ಹಾಗಾಗಿ ನಿಧಾನವಾಗಿ ಬಲಿಯುವ ರೋಗವನ್ನು ಅದೇ ಕುರಿಯಲ್ಲಿ ಮತ್ತೆ ಮತ್ತೆ ನೋಡಬಹುದು. ಸಿಸ್ಟಿಕ್ ಫೈಬ್ರೋಸಿಸ್ ಅಂತ ಎದೆಯಲ್ಲಿ ಕಫ ಗಟ್ಟಿಯಾಗುವ ವಂಶಪಾರಂಪರ್ಯ ರೋಗವೊಂದಿದೆ. ಅದರ ಜೀನ್ ಕೆಡಿಸಿದ ಇಲಿಗೆ ಮನುಷ್ಯರಂಥ ಎದೆರೋಗ ಬರಲಿಲ್ಲವಂತೆ. 2008ರಲ್ಲಿ ಅಮೆರಿಕದಲ್ಲಿ ಅದೇ ಜೀನ್ ಕೆಡಿಸಿ ಹಂದಿಮರಿ ಹುಟ್ಟಿಸಿದರು. ಹುಟ್ಟುವಾಗ ಎದೆ ಚೆನ್ನಾಗಿತ್ತು, ಕೆಲವೇ ತಿಂಗಳಲ್ಲಿ ಕೆಟ್ಟಿತು. ಹಾಗಂತ ಎಲ್ಲ ನಮ್ಮಂತೆಯೇ ಇಲ್ಲ. ಕುರಿಗೂ ಹಂದಿಗೂ ಬಲಗಡೆ ಮೇಲಿನ ಭಾಗಕ್ಕೆ ಶ್ವಾಸನಾಳದಿಂದಲೇ ಬೇರೆ ಕೊಳವೆ ಹೋಗುತ್ತದೆ. ಜಾಡಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು.

"ಛಲೋ ಇದ್ದ ಕುರಿಗೆ ರೋಗ ಹ್ಯಾಂಗ ತರಸ್ತಾರ?" ಅಪ್ಪ ಕೇಳಿದ.

"ಅಸ್ತಮಾಕ್ಕ ಮನಿ ದೂಳಿನ ನುಸಿ ಅಂಶ ಎದಿಗೆ ಬಿಡ್ತಾರ. ಪುಪ್ಪುಸ ಗಟ್ಟಿ ಆಗೋ ರೋಗ ತರಸಾಕ ಬ್ಲಿಯೋಮೈಸಿನ್ ಅಂತ ಔಷಧ ಬಿಡ್ತಾರ."

"ಅಂದ್ರ ದೂಳೇ ಕುಡಸ್ತಾರ."

ಅವಳು ಮಾತಾಡಲಿಲ್ಲ. ಪ್ರಯೋಗಕ್ಕೆ ಮೊದಲು ಸಮಿತಿಯ ಒಪ್ಪಿಗೆ ಬೇಕು, ನೋವು ಕಡಿಮೆ ಇರುವಂತೆ ನೋಡಬೇಕು ಅಂತ ಆಮೇಲೆ ನನಗೆ ಹೇಳಿದಳು. ಅಪ್ಪನಿಗೆ ಯಾಕೆ ಹೇಳಲಿಲ್ಲವೋ.

ಸಂಜೆ ಸ್ಟೇಷನ್ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಆಟೋ ನಿಂತಿತು. ದೂಳೋ ದೂಳು. ಅಪ್ಪ ಜೇಬಿನಿಂದ ಪಂಪ್ ತೆಗೆದು ಎರಡು ಸಲ ಎಳೆದುಕೊಂಡ. ಹಿಂಡಿನ ಕೊನೆಯಲ್ಲಿ ಒಂದು ಕುರಿ ಕೆಮ್ಮಿತು.

"ಏ, ಇದಕ್ಕ ಯಾರು ಪಂಪ್ ಕೊಡಸ್ತಾರ?" ಅಂದ ಅಪ್ಪ.