ಗಂಡಿಕೋಟದಲ್ಲಿ ನಮ್ಮೂರ ನೀರು

ಭಾನುವಾರ ಗಂಡಿಕೋಟದಲ್ಲಿದ್ವಿ. ಕಡಪ ಜಿಲ್ಲೆ, ಜಮ್ಮಲಮಡುಗು ಹತ್ತಿರ. ಜೊತೆಗೆ ಅಲ್ಲಿನವರೇ ಒಬ್ಬರು ಗೈಡ್. ಅವರದು ತೆಲುಗು, ನಮ್ಮದು ಕನ್ನಡ, ಮಾತಿಗೇನೂ ಕೊರತೆ ಆಗಲಿಲ್ಲ.

ಎರ್ರಮಲ ಬೆಟ್ಟವನ್ನು ಪೆನ್ನಾ ನದಿ ಸೀಳಿಕೊಂಡು ಹರಿಯುವ ಜಾಗ ಅದು. ಎರಡೂ ಕಡೆ ಕೆಂಪು ಬಂಡೆ, ಇಟ್ಟಿಗೆ ಪೇರಿಸಿಟ್ಟ ಹಾಗೆ ಪದರ ಪದರ. ಅಂಚಿನಲ್ಲಿ ಕಂಬಿ ಗಿಂಬಿ ಏನೂ ಇಲ್ಲ. ಸೆಲ್ಫಿ ಹುಚ್ಚಿನವರು ಸ್ವಲ್ಪ ಹುಷಾರು!

ಕೋಟೆಯೊಳಗೆ ಮಾಧವರಾಯನ ಗುಡಿ, ಜಾಮಿಯಾ ಮಸೀದಿ, ದೊಡ್ಡ ಕಣಜ. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಆಳಿದ ಕೋಟೆ ಇದು. ಆಮೇಲೆ ಗೋಲ್ಕೊಂಡ ಸುಲ್ತಾನರ ಸೇನಾಪತಿ ಮೀರ್ ಜುಮ್ಲಾ ಕೈಗೆ ಹೋಯಿತು. 1652ರಲ್ಲಿ ಫ್ರೆಂಚ್ ವಜ್ರದ ವ್ಯಾಪಾರಿ ತವೆರ್ನಿಯೆ ಅವನನ್ನು ಹುಡುಕಿಕೊಂಡು ಇಲ್ಲಿಗೇ ಬಂದಿದ್ದ. ಆ ಕಾಲಕ್ಕೆ ಈ ಹತ್ತೋದು ಇಳಿಯೋದು ಹೇಗೋ ಮಾಡಿದನೋ ಪುಣ್ಯಾತ್ಮ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ನದಿ. ಈ ಪೆನ್ನಾ ಅಂದ್ರೆ ನಮ್ಮ ಉತ್ತರ ಪಿನಾಕಿನಿ ಅಲ್ವಾ? ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಬರುವ ನದಿ. ನಮ್ಮ ಕಡೆ ವರ್ಷದ ಬಹುಪಾಲು ಬರೀ ಮರಳು. ಅದೇ ನದಿ ಇಷ್ಟು ಕಲ್ಲು ಕೊರೆದಿದೆ ಅಂದ್ರೆ ಸುಮ್ನೆ ನಂಬೋಕಾಗಲ್ಲ.