ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅತ್ತೆಯ ಆಧಾರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಫೋಟೊ, ಆನ್‌ಲೈನ್ ಅರ್ಜಿ, ಕರೆಂಟ್ ಬಿಲ್ಲು. ಆನ್‌ಲೈನ್ ವಂಚನೆಯ ಸುದ್ದಿ ಬಂದಾಗಲೆಲ್ಲ ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವನು ನಾನೇ. ಒಂದು ದಿನ ಹಾಲ್‌ಟಿಕೆಟ್ ಪ್ರಿಂಟಿಗೆ ಬಂದ ಕಾಲೇಜು ಹುಡುಗನಿಗೆ, ಕೈ ಬಿಡುವಿಲ್ಲದೆ, "ನೀನೇ ಫೈಲ್ ಹುಡುಕು" ಎಂದೆ. ಅವನು ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಕೆಳಗಿಳಿಯುತ್ತ ಹೋದ. "ಅಣ್ಣ, ಇದು ನಮ್ಮ ಅತ್ತೆಯ ಆಧಾರ್ ಅಲ್ಲವೇ?"

ಅತ್ತೆಯದೇ. ಎರಡು ವರ್ಷದ ಹಿಂದೆ ನಾನೇ ಇಳಿಸಿಕೊಟ್ಟದ್ದು. ಅದರ ಆಚೀಚೆ ಯಾರದೋ ಪಾಸ್‌ಬುಕ್, ಇನ್ಯಾರದೋ ರೇಷನ್ ಕಾರ್ಡ್, ಭೂತೆರಿಗೆ ರಸೀದಿ. ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಡುವ ಹಾಗೂ ಇರಲಿಲ್ಲ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಅತ್ತೆಯ ಪಾನ್ ಕಾರ್ಡು ಅದೇ ಫೋಲ್ಡರಿನಲ್ಲಿತ್ತು. ಅದರಲ್ಲಿ ಎರಡೂ ಅಚ್ಚಾಗಿದ್ದವು. ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲಿಗೆ ತೂಗುಹಾಕಿದಂತೆ.

2022ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನೆಲ್ಲ ಅಳಿಸಿ ಎಂದು. ಜನರು ತಪ್ಪಾಗಿ ತಿಳಿದಾರೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆದರು. ನಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮಾತೆಂದು ಅಂದು ನಾನು ಸಿಟ್ಟಾಗಿದ್ದೆ. ಅಳಿಸಿ ಎಂಬ ಮಾತಿನಲ್ಲಿ ತಪ್ಪೇನೂ ಇರಲಿಲ್ಲವೆಂದು ಆ ಹುಡುಗ ಹೋದ ಮೇಲೆ ಅನ್ನಿಸಿತು.

ಆ ರಾತ್ರಿ ಶಟರ್ ಅರ್ಧ ಎಳೆದು ಫೋಲ್ಡರ್ ಖಾಲಿ ಮಾಡಿದೆ, ರಿಸೈಕಲ್ ಬಿನ್ ಸಹಿತ. ಆಮೇಲೆ ಮೇಜಿನ ಖಾನೆಯಲ್ಲಿದ್ದ ನೋಟ್‌ಪುಸ್ತಕ ನೆನಪಾಯಿತು. ಸ್ಕಾಲರ್‌ಶಿಪ್ ಅರ್ಜಿ ತುಂಬುವ ಮಕ್ಕಳು ಪಾಸ್‌ವರ್ಡ್ ಮರೆಯುತ್ತಾರೆಂದು ನಾನೇ ಬರೆದಿಡುತ್ತಿದ್ದೆ. ಬರೆಯುವ ಅಗತ್ಯವೂ ಇರಲಿಲ್ಲವೆನ್ನಿ: ಎಲ್ಲರಿಗೂ ಅವರವರ ಹೆಸರು, ಮುಂದೆ ಒಂದು ಎರಡು ಮೂರು. ಹಾಳೆಗಳನ್ನು ಹರಿದು ಮನೆಯ ಬಚ್ಚಲ ಒಲೆಗೆ ಹಾಕಿದೆ. ಈಗ ಪಾಸ್‌ವರ್ಡನ್ನು ಅವರೇ ಯೋಚಿಸುತ್ತಾರೆ. ನಾನು ಮುಖ ತಿರುಗಿಸಿ ಕೂರುತ್ತೇನೆ.

ನಮ್ಮ ಗಡಿನಾಡಿಗೆ ಇನ್ನೊಂದು ತೊಡಕಿದೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಮೊಬೈಲಿಗೆ ಬರುವುದು ಇಂಗ್ಲಿಷ್ ಸಂದೇಶ, ಇಲ್ಲವೇ ಮಲಯಾಳ. ಕೀಂ ಎಂದು ಸದ್ದಾದ ಕೂಡಲೇ ಫೋನನ್ನೇ ಚಾಚುತ್ತಾರೆ: "ನೀನೇ ನೋಡು ಮಾರಾಯ." ಯಾರಿಗೂ ಹೇಳಬೇಡಿ ಎಂದು ಬರೆದದ್ದನ್ನು ಯಾರೋ ಒಬ್ಬರು ಓದಿ ಹೇಳಬೇಕು! ಅದೇ ಅಭ್ಯಾಸ ಫೋನ್ ಮಾಡುವ ಕಳ್ಳನಿಗೂ ಸಲೀಸು. ಹಾಗಾಗಿ ಈಗ ಸಂದೇಶವನ್ನು ಮೊದಲು ಕನ್ನಡದಲ್ಲಿ ಹೇಳುತ್ತೇನೆ, ಯಾವ ಕೆಲಸಕ್ಕೆ ಬಂದ ಒಟಿಪಿ, ಎಷ್ಟು ದುಡ್ಡಿನದು ಎಂದು. ಅಂಕೆ ಒತ್ತುವುದು ಅವರೇ.

ಆಧಾರ್ ಇಳಿಸುವಾಗ ಮಾಸ್ಕ್ಡ್ ಪ್ರತಿಯ ಚೌಕಕ್ಕೆ ಗುರುತು ಹಾಕುತ್ತೇನೆ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತವೆ. ಪೂರ್ತಿ ಸಂಖ್ಯೆಯೇ ಬೇಕೆನ್ನುವ ಕಡೆಗೆ ಬೇರೆ ಪ್ರತಿ. ವಾಟ್ಸಾಪ್ ವೆಬ್ಬಿನಿಂದ ಗಿರಾಕಿಯ ಎದುರೇ ಲಾಗ್‌ಔಟ್. ಗೋಡೆಯ ಮೇಲೆ ದೊಡ್ಡದಾಗಿ 1930 ಎಂದು ಅಂಟಿಸಿದ್ದೇನೆ, ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದರೆ ಮೊದಲು ಆ ಸಂಖ್ಯೆಗೆ ಫೋನ್, ಅಳು ಆಮೇಲೆ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ.

ಕಳೆದ ವಾರ ಆ ಅತ್ತೆ ಬಂದಿದ್ದರು. ಫೋನನ್ನು ಎದೆಗೆ ಒತ್ತಿಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಂಕೆ ಒತ್ತಿದರು. ಐದನೆಯದು ತಪ್ಪಿತು. ಮತ್ತೆ ಮೊದಲಿನಿಂದ. ಸಾಲಿನಲ್ಲಿದ್ದವರು ಗೊಣಗಿದರು; ಪೆರ್ಲದ ಬಸ್ಸು ಹೊರಟೇ ಹೋಯಿತು.