ರಾಯಚೂರು ಬಿಸಿಲಲ್ಲಿ 60 ಲೀಟರ್ ಮೀನಿನ ಟ್ಯಾಂಕ್: ಬೇಸಿಗೆಯ ಅಪ್‌ಡೇಟ್

ಏಪ್ರಿಲ್ ಬಂತು, ಟ್ಯಾಂಕಿನ ನೀರು ದಿನಾ ಇಳಿಯೋಕೆ ಶುರುವಾಗಿದೆ. ಹಾಗಾಗಿ ಈ ಸಲ ಬರೀ ಆವಿಯಾಗೋ ನೀರಿನ ವಿಚಾರ.

ಟ್ಯಾಂಕು ಅದೇ, ಮೀನೂ ಅವೇ: ಗಪ್ಪಿ ಮತ್ತು ಪ್ಲಾಟಿ. ನಮ್ಮ ಬೋರ್ ನೀರು ಸವಳು. ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪು, ಖನಿಜದ ಅಳತೆ) ಮೀಟರ್ 900ರ ಆಸುಪಾಸು ತೋರಿಸುತ್ತೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದ್ರೆ ನಡುಮಧ್ಯ) 8. ಅಂಗಡಿಯಲ್ಲಿ ಸಿಗೋ ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ ಮೆದು (ಖನಿಜ ಕಮ್ಮಿ ಇರೋ) ನೀರಿನ ಮೀನು, ಅದನ್ನು ಈ ನೀರಿಗೆ ಬಿಡಲು ನನಗೆ ಮನಸ್ಸಿಲ್ಲ. ಗಪ್ಪಿ, ಪ್ಲಾಟಿಗೆ ಗಡಸು ನೀರು ಚೆನ್ನಾಗಿ ಒಗ್ಗುತ್ತೆ.

ಮಧ್ಯಾಹ್ನದ ಹೊತ್ತು ನೀರು 33 ಡಿಗ್ರಿ ಮುಟ್ಟುತ್ತಿತ್ತು. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಟ್ಯಾಂಕಿನ ಅಂಚಿಗೆ ಕಟ್ಟಿದ್ದೇನೆ, ಗಾಳಿ ನೀರಿನ ಮೇಲೆ ಓರೆಯಾಗಿ ಬೀಳುತ್ತೆ. ಈಗ 30 ದಾಟುತ್ತಿಲ್ಲ. ಆವಿಯಾಗೋ ನೀರು ಬಿಸಿಯನ್ನೂ ಜೊತೆಗೆ ಒಯ್ಯುತ್ತೆ. ನಮ್ಮದು ಒಣ ಬಿಸಿಲು, ಅದಕ್ಕೇ ಇಷ್ಟು ತಂಪು. ಮಂಗಳೂರಿನ ಕಡೆ ಗಾಳಿಯಲ್ಲೇ ತೇವ ಜಾಸ್ತಿ, ಅಲ್ಲಿ ಇದೇ ಫ್ಯಾನ್ ಇಷ್ಟು ಇಳಿಸೋದಿಲ್ಲ.

ಬಿಸಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದ್ರೆ, ಕಾರಣ ಎರಡು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತೆ, 35ರಲ್ಲಿ 7 ಅಷ್ಟೇ. ಮೀನಿಗೆ ಮಾತ್ರ ಬಿಸಿ ನೀರಲ್ಲಿ ಉಸಿರು ಇನ್ನೂ ಜಾಸ್ತಿ ಬೇಕು. ಇನ್ನೊಂದು ಅಮೋನಿಯಾ. ಮೀನಿನ ಕಿವಿರಿನಿಂದ, ಉಳಿದ ತಿಂಡಿಯಿಂದ ಬರುವ ಅಮೋನಿಯಾ ಎಲ್ಲವೂ ಒಂದೇ ಥರ ವಿಷವಲ್ಲ. ಪಿಎಚ್ 7, 25 ಡಿಗ್ರಿಯಲ್ಲಿ ನೂರು ಪಾಲಲ್ಲಿ ಬರೀ ಅರ್ಧ ಪಾಲು (0.5%) ವಿಷದ ರೂಪದಲ್ಲಿರುತ್ತೆ. ಪಿಎಚ್ 8ಕ್ಕೆ ಅದು 5 ಪಾಲು. ಅದೇ ಪಿಎಚ್‌ನಲ್ಲಿ ನೀರು 32 ಡಿಗ್ರಿಗೆ ಏರಿದರೆ 8 ದಾಟುತ್ತೆ. ನಮ್ಮ ನೀರಲ್ಲಿ ತಿಂಡಿ ಒಂದು ಚಿಟಿಕೆ ಹೆಚ್ಚಾದರೂ ಏಟು ಜೋರು. ಬೇಸಿಗೆಯಲ್ಲಿ ನಾನು ದಿನಕ್ಕೆ ಒಂದೇ ಸಲ ತಿಂಡಿ ಹಾಕೋದು.

ಫ್ಯಾನ್ ಹಾಕಿದ ಮೇಲೆ ನೀರು ಇನ್ನೂ ಬೇಗ ಇಳಿಯುತ್ತೆ. ಪಕ್ಕದ ಮನೆ ಹುಡುಗ ಹೊಸದಾಗಿ ಮೀನು ಸಾಕಿದ್ದಾನೆ. "ಅಣ್ಣ, ಕಮ್ಮಿ ಆದಷ್ಟು ಬೋರ್ ನೀರ ಹಾಕಿದ್ರ ಏನಾಗ್ತದ?" ಅಂತ ಕೇಳಿದ. ಅವರ ಮನೆ ಕೂಲರಿನ ಹುಲ್ಲು ತೋರಿಸಿದೆ. ಸವಳು ನೀರು ಕುಡಿದೂ ಕುಡಿದೂ ಬೆಳ್ಳಗೆ ಗಟ್ಟಿಯಾಗಿತ್ತು. ಹಾರಿಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಟ್ಯಾಂಕಿನಲ್ಲೂ ಅಷ್ಟೇ.

ಲೆಕ್ಕ ಹಾಕಿ ನೋಡಿ. 60 ಲೀಟರಿನಲ್ಲಿ 20 ಲೀಟರ್ ಆವಿಯಾಯ್ತು, ಅದನ್ನು 900 ಟಿಡಿಎಸ್ ಬೋರ್ ನೀರಲ್ಲೇ ತುಂಬಿದರೆ ಟ್ಯಾಂಕು 1200ಕ್ಕೆ ಹೋಗುತ್ತೆ. ಮತ್ತೆ ಅಷ್ಟೇ ಆವಿಯಾಗಿ ಮತ್ತೆ ತುಂಬಿದರೆ 1500. ಒಳಗಿರೋ ಮೀನು ನಿಧಾನಕ್ಕೆ ಹೊಂದಿಕೊಳ್ಳುತ್ತೆ, ಗೊತ್ತೇ ಆಗೋದಿಲ್ಲ. ಅಂಗಡಿಯಿಂದ ತಂದ ಹೊಸ ಮೀನು ಮಾತ್ರ ಒಮ್ಮೆಲೇ ಇಷ್ಟು ಉಪ್ಪಿಗೆ ಬಿದ್ದು ಎರಡು ದಿನಕ್ಕೆ ಸಾಯಬಹುದು. ಆಗ ಬೈಸಿಕೊಳ್ಳೋನು ಅಂಗಡಿಯವನು, ಅಲ್ವಾ?

ಆವಿಯಾದಷ್ಟಕ್ಕೆ ನಾನು ಹಾಕೋದು ಶುದ್ಧ ನೀರಿನ ಘಟಕದ ಕ್ಯಾನ್ ನೀರು. ಅದರ ಟಿಡಿಎಸ್ 80ರ ಹತ್ತಿರ, ಹಾಗಾಗಿ 20 ಲೀಟರ್ ಹಾಕಿದರೂ ಮೀಟರ್ 30 ಕೂಡ ಏರೋದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಬದಲಾಯಿಸುವಾಗ ಬೋರ್ ನೀರೇ, ಯಾಕಂದ್ರೆ ಆಗ ಹಳೇ ಉಪ್ಪೂ ನೀರಿನ ಜೊತೆ ಹೊರಗೆ ಹೋಗುತ್ತೆ. ಪೂರ್ತಿ ಕ್ಯಾನ್ ನೀರಿಗೆ ಬದಲಾಯಿಸಬೇಡಿ. ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸೋ ಕಾರ್ಬೊನೇಟ್ ತೀರಾ ಕಮ್ಮಿ, ಗಪ್ಪಿಗೆ ಬೇಕಾದಷ್ಟು ಕ್ಯಾಲ್ಸಿಯಂ ಕೂಡ ಇರೋದಿಲ್ಲ. ನಲ್ಲಿ ನೀರು ಬಳಸೋರು ಮೊದಲು ಕ್ಲೋರಿನ್ ತೆಗೆಯಿರಿ. ಅದು ಮೀನಿಗೂ, ಫಿಲ್ಟರಿನಲ್ಲಿ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾಗೂ ಆಗಿಬರೋದಿಲ್ಲ.

ಈ ವಾರದ ಮೀಟರ್: 940. ಮಾರ್ಚ್ ಕೊನೆಯಲ್ಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ತುಂಬಾ ಖುಷಿಯಾಯ್ತು. ಪ್ಲಾಟಿ ಮರಿ ಹಾಕಿದೆ, ಮರಿಗಳು ಪಾಚಿಯಲ್ಲಿ ಅಡಗಿ ಕೂತಿವೆ.

ಉಳಿದಿರೋದು ಕರೆಂಟಿನ ಚಿಂತೆ. ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನೂ ಇಲ್ಲ, ಸ್ಪಂಜ್ ಫಿಲ್ಟರೂ ಇಲ್ಲ, ಅದೂ ಆಮ್ಲಜನಕ ಕಮ್ಮಿ ಇರೋ ಹೊತ್ತಲ್ಲಿ. ಪವರ್ ಬ್ಯಾಂಕಿನಲ್ಲಿ ಓಡುವ ಪುಟ್ಟ ಏರ್ ಪಂಪ್ ತರಿಸಿದ್ದೇನೆ. ಎಷ್ಟು ಗಂಟೆ ಎಳೆಯುತ್ತೆ ಅಂತ ಮೇ ತಿಂಗಳಲ್ಲಿ ಬರೆಯುತ್ತೇನೆ.